ಮೊದಲು ಹದಿನಾರು ಪುಟ: ಕಾಮಿಕ್ಸ್ ಬರೆದು, ಅಚ್ಚು ಹಾಕಿಸಿ, ನೀವೇ ಮಾರುವ ಬಗೆ

ಕಾಮಿಕ್ಸ್ ಮಾರಿದ ದುಡ್ಡಿನಲ್ಲೇ ಮನೆ ಬಾಡಿಗೆ ಕಟ್ಟುವವರು ನಮ್ಮಲ್ಲಿ ಬೆರಳೆಣಿಕೆಯಷ್ಟು. ಉಳಿದವರ ತಿಂಗಳು ಸಾಗುವುದು ಬೇರೆ ಕೆಲಸಗಳಿಂದ. ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುತ್ತಾರೆ, ಜಾಹೀರಾತಿನವರಿಗೆ ಸ್ಟೋರಿಬೋರ್ಡ್ ಮಾಡಿಕೊಡುತ್ತಾರೆ, ಗೇಮ್ ಕಂಪನಿಗಳಿಗೆ ಪಾತ್ರಗಳನ್ನು ವಿನ್ಯಾಸ ಮಾಡುತ್ತಾರೆ, ಶನಿವಾರ ಭಾನುವಾರ ಡ್ರಾಯಿಂಗ್ ಕ್ಲಾಸ್ ನಡೆಸುತ್ತಾರೆ. ಇಷ್ಟೆಲ್ಲ ಮುಗಿಸಿ ರಾತ್ರಿ ಕೂತು ತಮ್ಮ ಕಥೆಯ ಪುಟಗಳನ್ನು ಬರೆಯುವವರಿಗೇನೂ ಕಡಿಮೆಯಿಲ್ಲ. ಈ ಲೇಖನ ಅಂಥವರಿಗೆ, ಅದರಲ್ಲೂ ಕನ್ನಡದಲ್ಲಿ ಮಾಡಬೇಕೆಂಬ ಆಸೆ ಇರುವವರಿಗೆ. ಕೆಲಸ ಬಿಟ್ಟು ಧುಮುಕಿ ಎಂದು ಇಲ್ಲಿ ಯಾರಿಗೂ ಹೇಳುತ್ತಿಲ್ಲ. ತೆಳ್ಳಗಿನ ಒಂದು ಪುಸ್ತಕ ಮಾಡಿ, ನೂರು ಪ್ರತಿ ಅಚ್ಚು ಹಾಕಿಸಿ, ಕೊಳ್ಳುವವರ ಮುಖ ನೋಡಿ ಮಾರಿ ಎನ್ನುವುದಷ್ಟೇ ನನ್ನ ವಾದ.

ಸ್ವಂತ ಪುಸ್ತಕ ಹೊತ್ತು ಮಾರುವುದು ಕನ್ನಡಕ್ಕೆ ಹೊಸದಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿದವರು. ಜಿ.ಪಿ. ರಾಜರತ್ನಂ ಚೀಲದಲ್ಲಿ ಪುಸ್ತಕ ತುಂಬಿಕೊಂಡು ಹೋದಲ್ಲೆಲ್ಲ ಮಾರುತ್ತಿದ್ದರು. ಕಾಮಿಕ್ಸ್ ವಿಚಾರಕ್ಕೆ ಬಂದರೂ ನಾವು ಹಿಂದಿದ್ದವರಲ್ಲ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಸಂಪಾದಕರಾಗಿದ್ದ ಅಮರ ಚಿತ್ರಕಥೆಯ ಮೊದಲ ಹತ್ತು ಪುಸ್ತಕಗಳು 1960ರ ದಶಕದಲ್ಲಿ ಕನ್ನಡದಲ್ಲೇ ಬಂದವು, ಅವೂ ಪಾಶ್ಚಾತ್ಯ ಮಕ್ಕಳ ಕಥೆಗಳು. ಎಲ್ಲರೂ ಮೊದಲನೆಯದು ಎಂದುಕೊಂಡಿರುವ ‘ಕೃಷ್ಣ’ಕ್ಕೆ 11ನೇ ಸಂಖ್ಯೆ ಬಿದ್ದದ್ದು ಹಾಗೆ. ಬಾಲಮಂಗಳ ಪತ್ರಿಕೆಯ ಡಿಂಗನನ್ನು ಓದಿ ಬೆಳೆದವರಿಗೆ ಈಗ ಮಕ್ಕಳಿದ್ದಾರೆ. ಆ ಪತ್ರಿಕೆ ನಿಂತು ವರ್ಷಗಳೇ ಆದವು, ಅಂಗಡಿಗೆ ಹೋಗಿ ಕನ್ನಡ ಕಾಮಿಕ್ಸ್ ಕೊಡಿ ಎಂದರೆ ಕಪಾಟು ತಡಕಾಡಬೇಕು. ನಿಮ್ಮ ಗಿರಾಕಿ ಯಾರು ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು.

ದೊಡ್ಡವರಿಗಾಗಿ, ದೊಡ್ಡ ಪ್ರಕಾಶಕರ ಹಂಗಿಲ್ಲದೆ ಮಾಡಿದ ಕಾಮಿಕ್ಸ್‌ಗೂ ದೇಶದಲ್ಲಿ ಮೂರು ದಶಕದ ಚರಿತ್ರೆಯಿದೆ. ನರ್ಮದಾ ಅಣೆಕಟ್ಟಿನ ಸುತ್ತ ಒರಿಜಿತ್ ಸೇನ್ ಬರೆದ ‘ರಿವರ್ ಆಫ್ ಸ್ಟೋರೀಸ್’ 1994ರಲ್ಲಿ ಬಂದದ್ದು ಕಲ್ಪವೃಕ್ಷ ಎಂಬ ಪರಿಸರ ಸಂಸ್ಥೆಯಿಂದ. ಬಹುಕಾಲ ಸಿಗದೆ ಹೋಗಿದ್ದ ಅದನ್ನು 2022ರಲ್ಲಿ ಚೆನ್ನೈನ ಬ್ಲಾಫ್ಟ್ ಮತ್ತೆ ಅಚ್ಚು ಹಾಕಿತು. ಬೆಂಗಳೂರಿನ ಮಂಟಾ ರೇ ಎಂಬ ಪುಟ್ಟ ತಂಡ 2010ರಲ್ಲಿ ‘ಹಶ್’ ಎಂಬ, ಒಂದೂ ಮಾತಿಲ್ಲದ ತೆಳು ಪುಸ್ತಕದಿಂದಲೇ ಶುರು ಮಾಡಿತು. ಆ ತಂಡದ ಪ್ರತೀಕ್ ಥಾಮಸ್ ಮುಂದೆ ಕೊಚ್ಚಿಯಲ್ಲಿ ಕಟ್ಟಿದ ಕೊಕಾಚಿ ಬೆಂಕಿಪೊಟ್ಟಣದೊಳಗೆ ಮಡಿಚಿಟ್ಟ ಕಾಮಿಕ್ಸನ್ನೂ ಮಾರಿತು. ಪುಸ್ತಕ ಎಷ್ಟು ಚಿಕ್ಕದಿರಬಹುದು ಎಂದು ಕೇಳುವವರಿಗೆ ಇದನ್ನು ತೋರಿಸಬಹುದು.

ಮುಗಿಯುವಷ್ಟೇ ಶುರು ಮಾಡಿ

ಹೊಸಬರ ತಲೆಯಲ್ಲಿ ಸಾಮಾನ್ಯವಾಗಿ ಇರುವುದು ಮುನ್ನೂರು ಪುಟದ ಮಹಾಕಾವ್ಯ. ಹನ್ನೆರಡು ರಾಜ್ಯಗಳು, ನಲವತ್ತು ಪಾತ್ರಗಳು, ಎಲ್ಲದಕ್ಕೂ ವಂಶಾವಳಿ, ಬರೆದಿರುವ ಪುಟ ಮಾತ್ರ ಐದು. ಅದನ್ನು ಎತ್ತಿಡಿ, ಎಲ್ಲಿಗೂ ಹೋಗುವುದಿಲ್ಲ. ಮೊದಲ ಪುಸ್ತಕಕ್ಕೆ ಹದಿನಾರು ಪುಟ ಸಾಕು. ಕೆಲಸದ ಜೊತೆಗೇ ಎರಡು ಮೂರು ತಿಂಗಳಲ್ಲಿ ಮುಗಿಸಬಹುದಾದ ಅಳತೆ ಇದು. ಹದಿನಾರು ಪುಟದಲ್ಲಿ ಎಂತಹ ಕಥೆ ಹಿಡಿಯುತ್ತದೆ? ಕೊನೆಯ ಬಸ್ಸು ತಪ್ಪಿಸಿಕೊಂಡವನ ರಾತ್ರಿ, ಹಾಸ್ಟೆಲ್ಲಿನ ಮೆಸ್ಸಿನಲ್ಲಿ ನಡೆದ ಒಂದು ಜಗಳ, ಅಜ್ಜಿ ಹೇಳುತ್ತಿದ್ದ ಕೊಳ್ಳಿದೆವ್ವದ ಕಥೆ, ಯಕ್ಷಗಾನದ ಚೌಕಿಯಲ್ಲಿ ಒಬ್ಬ ಬಣ್ಣ ಬಳಿದುಕೊಳ್ಳುವ ಎರಡು ಗಂಟೆ. ಒಂದು ಜಾಗ, ಇಬ್ಬರು ಮೂವರು ಜನ, ಒಂದು ತಿರುವು.

ಕೆಲಸದ ಕ್ರಮ ಎಲ್ಲರಿಗೂ ಗೊತ್ತಿರುವುದೇ: ಕಥೆ, ಹೆಬ್ಬೆರಳುದ್ದದ ಕಚ್ಚಾ ಪುಟಗಳು, ಪೆನ್ಸಿಲ್, ಶಾಯಿ, ಸ್ಕ್ಯಾನ್, ಅಕ್ಷರ. ಇದರಲ್ಲಿ ಕಚ್ಚಾ ಪುಟಗಳ ಹಂತಕ್ಕೆ ಅತಿ ಹೆಚ್ಚು ಸಮಯ ಕೊಡಿ. ನಾಲ್ಕು ಎ4 ಹಾಳೆಗಳನ್ನು ಮಧ್ಯಕ್ಕೆ ಮಡಿಚಿ ಒಂದರೊಳಗೊಂದು ಸೇರಿಸಿದರೆ ಹದಿನಾರು ಪುಟದ ಡಮ್ಮಿ ಸಿದ್ಧ. ಅದರಲ್ಲೇ ಗೀಚುತ್ತಾ ಹೋದರೆ ಯಾವ ಪುಟ ಎಡಕ್ಕೆ, ಯಾವುದು ಬಲಕ್ಕೆ, ಎಲ್ಲಿ ಹಾಳೆ ತಿರುವಬೇಕು ಎನ್ನುವುದು ಕೈಗೇ ತಿಳಿಯುತ್ತದೆ. ಬೆಚ್ಚಿಬೀಳಿಸುವ ಚಿತ್ರ ಹಾಳೆ ತಿರುವಿದ ಮೇಲೆ ಎಡಪುಟದಲ್ಲಿ ಬರಬೇಕು. ಬಲಪುಟದಲ್ಲಿಟ್ಟರೆ ಓದುಗನ ಕಣ್ಣು ಮೊದಲೇ ಅಲ್ಲಿಗೆ ಜಿಗಿದಿರುತ್ತದೆ.

ಉಪಕರಣದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ದಪ್ಪ ಕಾರ್ಟ್ರಿಜ್ ಕಾಗದ, ಬ್ರಷ್, ಕಪ್ಪು ಇಂಡಿಯನ್ ಇಂಕ್ ಇದ್ದರೆ ಕೆಲಸ ನಡೆಯುತ್ತದೆ. ಕಂಪ್ಯೂಟರಿನಲ್ಲಿ ಬರೆಯುವವರಿಗೆ ಕ್ರಿಟಾ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಐವತ್ತು ಸಾವಿರದ ಟ್ಯಾಬ್ಲೆಟ್ಟು ಮೊದಲ ಪುಸ್ತಕ ಮಾರಾಟವಾದ ಮೇಲಿನ ಮಾತು.

ಮಾತಿನ ಗುಳ್ಳೆಯಲ್ಲಿ ಕನ್ನಡ

ಕನ್ನಡ ಕಾಮಿಕ್ಸ್ ಹಾಳಾಗುವುದು ಚಿತ್ರದಿಂದಲ್ಲ, ಅಕ್ಷರ ಕೂರಿಸುವ ರೀತಿಯಿಂದ. ಇಂಗ್ಲಿಷ್ ಕಾಮಿಕ್ಸಿನಲ್ಲಿ ದೊಡ್ಡಕ್ಷರಗಳ ಸಾಲುಗಳನ್ನು ಒತ್ತೊತ್ತಾಗಿ ಜೋಡಿಸಬಹುದು. ನಮ್ಮಲ್ಲಿ ಸಾಲಿನ ಕೆಳಗೆ ಒತ್ತಕ್ಷರ ಇಳಿಯುತ್ತದೆ, ಮೇಲೆ ಗುಣಿತ ಏರುತ್ತದೆ. ‘ರಾಷ್ಟ್ರ’ದ ಒತ್ತುಗಳು ಕೆಳಗಿನ ಸಾಲಿನ ತಲೆ ಮೇಲೆ ಕೂತರೆ ಓದುವವರು ತಡವರಿಸುತ್ತಾರೆ. ಅಕ್ಷರದ ಅಳತೆಯ ಒಂದೂಕಾಲರಿಂದ ಒಂದೂವರೆ ಪಟ್ಟು ಸಾಲಿನ ಅಂತರ ಕೊಡಿ. ಎ5 ಪುಸ್ತಕದಲ್ಲಿ ಒಂಬತ್ತು ಪಾಯಿಂಟಿಗಿಂತ ಚಿಕ್ಕ ಅಕ್ಷರ ಬೇಡ.

ಇನ್ನೊಂದು ತೊಡಕು ಪದಗಳ ಉದ್ದ. ‘ಹೇಳಬೇಕಾಗಿತ್ತಲ್ಲವೇನೋ’ ಎನ್ನುವುದು ಒಂದೇ ಪದ. ಕಿರಿದಾದ ದುಂಡು ಗುಳ್ಳೆಯಲ್ಲಿ ಅದು ಕೂರುವುದಿಲ್ಲ, ಮಧ್ಯದಲ್ಲಿ ಮುರಿದರೆ ಮಾತಿನ ಓಘವೇ ಹೋಗುತ್ತದೆ. ಆದ್ದರಿಂದ ಮೊದಲು ಮಾತು ಬರೆಯಿರಿ, ಅದರ ಸುತ್ತ ಗುಳ್ಳೆ ಎಳೆಯಿರಿ, ಉಳಿದ ಜಾಗಕ್ಕೆ ಚಿತ್ರ ಕೂರಿಸಿ. ಅಡ್ಡಗಲದ ಗುಳ್ಳೆಗಳು ನಮ್ಮ ಲಿಪಿಗೆ ಹೊಂದುತ್ತವೆ. ಉದ್ದದ ಮಾತನ್ನು ಎರಡು ಗುಳ್ಳೆಗೆ ಹಂಚಿ, ನಡುವೆ ಸಣ್ಣ ಕೊಂಡಿ ಹಾಕಬಹುದು. ಪಾತ್ರಗಳು ಆಡುಮಾತಿನಲ್ಲಿ ಮಾತಾಡಿದರೆ ಜಾಗವೂ ಉಳಿಯುತ್ತದೆ, ಜೀವವೂ ಬರುತ್ತದೆ. ‘ನೀನು ಎಲ್ಲಿಗೆ ಹೋಗುತ್ತಿರುವೆ’ ಎಂದು ಧಾರವಾಡದ ಹುಡುಗ ಯಾವತ್ತೂ ಕೇಳುವುದಿಲ್ಲ, ‘ಎಲ್ಲಿಗ್ ಹೊಂಟಿ?’ ಅನ್ನುತ್ತಾನೆ.

ಕಂಪ್ಯೂಟರಿನಲ್ಲಿ ಅಕ್ಷರ ಹಾಕುವವರಿಗೆ ಒಂದು ಎಚ್ಚರಿಕೆ. ಯೂನಿಕೋಡ್ ಕನ್ನಡವನ್ನು ಫೋಟೋಶಾಪ್, ಇಲ್ಲಸ್ಟ್ರೇಟರಿಗೆ ತಂದಾಗ ಒತ್ತಕ್ಷರ ಚೆಲ್ಲಾಪಿಲ್ಲಿಯಾದರೆ ತಂತ್ರಾಂಶ ಕೆಟ್ಟಿಲ್ಲ, ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿರುವುದಿಲ್ಲ ಅಷ್ಟೇ. ಪುಕ್ಕಟೆಯ ಇಂಕ್‌ಸ್ಕೇಪ್ ಕನ್ನಡವನ್ನು ಸರಿಯಾಗಿಯೇ ಮೂಡಿಸುತ್ತದೆ. ಮುದ್ರಕರಿಗೆ ಕೊಡುವ ಮೊದಲು ಅಕ್ಷರಗಳನ್ನೆಲ್ಲ ಔಟ್‌ಲೈನ್ ಮಾಡಿಬಿಡಿ, ಅವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇರಲಿಕ್ಕಿಲ್ಲ. ಅಕಾಯ ಕನ್ನಡಕ, ಬಾಲೂ ತಮ್ಮ, ಅನೇಕ್ ಕನ್ನಡ ಮುಕ್ತ ಪರವಾನಗಿಯ ಫಾಂಟುಗಳು. ಮಾರುವ ಪುಸ್ತಕದಲ್ಲೂ ಬಳಸಬಹುದು, ಯಾರಿಗೂ ದುಡ್ಡು ಕೊಡಬೇಕಿಲ್ಲ. ಕೈಬರಹ ಮೋಡಿಯಿಲ್ಲದೆ ಸ್ಪಷ್ಟವಾಗಿದ್ದರೆ ಅದೇ ಎಲ್ಲಕ್ಕಿಂತ ಮೇಲು. ಚಿತ್ರ ಬರೆದ ಕೈಯೇ ಅಕ್ಷರ ಬರೆದಾಗ ಪುಟ ಒಂದಾಗಿ ಕಾಣುತ್ತದೆ.

ಇನ್ನು ಸದ್ದುಗಳು. ಅನುಕರಣ ಪದಗಳಲ್ಲಿ ಕನ್ನಡದಷ್ಟು ಶ್ರೀಮಂತ ಭಾಷೆಯಿಟ್ಟುಕೊಂಡು ‘ಕ್ರ್ಯಾಶ್’, ‘ಬೂಮ್’ ಎಂದು ಬರೆಯುವುದನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಕಾವಲಿಯ ಮೇಲೆ ಹಿಟ್ಟು ಬಿದ್ದರೆ ‘ಚುಂಯ್’, ತೆಂಗಿನಕಾಯಿ ಬಿದ್ದರೆ ‘ಧೊಪ್’, ಹೆಂಚಿನ ಮೇಲೆ ಮಳೆ ‘ಟಪಟಪ’, ಸಿಟ್ಟಿನಲ್ಲಿ ಎಳೆದ ಬಾಗಿಲು ‘ಧಡಾರ್’. ಅಕ್ಷರವನ್ನೇ ಚಿತ್ರದಂತೆ ಬಾಗಿಸಿ, ಉಬ್ಬಿಸಿ, ಒಡೆದು ಬರೆಯಲು ನಮ್ಮ ದುಂಡು ಲಿಪಿ ಹೇಳಿ ಮಾಡಿಸಿದಂತಿದೆ.

ಅಚ್ಚಿನ ಮನೆಯಲ್ಲಿ

ಬೆಂಗಳೂರಾದರೆ ಸುಲ್ತಾನಪೇಟೆ ಸುತ್ತಮುತ್ತ ಕಾಗದ ಮತ್ತು ಮುದ್ರಣದ ಅಂಗಡಿಗಳು ಸಾಲಾಗಿವೆ. ಮುದ್ರಣ ಕಾಶಿ ಎಂದೇ ಹೆಸರಾದ ಗದಗ ಉತ್ತರದ ಕಡೆಯವರಿಗೆ ಹತ್ತಿರ. ಉಳಿದ ಊರುಗಳಲ್ಲೂ ಮದುವೆ ಕಾರ್ಡು ಹಾಕುವವರ ಬಳಿ ಡಿಜಿಟಲ್ ಯಂತ್ರ ಇರುತ್ತದೆ. ನೂರು ಇನ್ನೂರು ಪ್ರತಿಗೆ ಡಿಜಿಟಲ್ ಮುದ್ರಣವೇ ಸರಿ, ಪ್ಲೇಟಿನ ಖರ್ಚಿಲ್ಲ. ಐನೂರು ದಾಟಿದರೆ ಆಫ್‌ಸೆಟ್ ದರ ಕೇಳಿ ನೋಡಿ. ಒಂದು ಪ್ರತಿಯ ಖರ್ಚು ಆಫ್‌ಸೆಟ್‌ನಲ್ಲಿ ಕಡಿಮೆ ಬೀಳುತ್ತದೆಂದು ಸಾವಿರ ಪ್ರತಿ ಹಾಕಿಸಿ ಮಂಚದ ಕೆಳಗೆ ತುಂಬಿಕೊಳ್ಳಬೇಡಿ. ಮಲೆನಾಡು, ಕರಾವಳಿಯ ಮಳೆಗಾಲಕ್ಕೆ ಕಟ್ಟು ಕಟ್ಟು ಪುಸ್ತಕ ಅಲೆಅಲೆಯಾಗಿ ಬಾಗಿಬಿಡುತ್ತದೆ.

ಮುದ್ರಕರ ಹತ್ತಿರ ಹೋಗುವಾಗ ಡಮ್ಮಿ ಕೈಯಲ್ಲಿರಲಿ. ‘ಎ5 ಅಳತೆ, ಒಳಗೆ 16 ಪುಟ ಕಪ್ಪುಬಿಳುಪು, ಹೊರಗೆ ನಾಲ್ಕು ಪುಟ ಬಣ್ಣದ ರಕ್ಷಾಪುಟ, ಸೆಂಟರ್ ಪಿನ್ನಿಂಗ್’ ಎಂದರೆ ಅರ್ಧ ಮಾತು ಮುಗಿಯಿತು. ಪಿನ್ ಹೊಡೆಯುವ ಪುಸ್ತಕದ ಪುಟಸಂಖ್ಯೆ ನಾಲ್ಕರಿಂದ ಭಾಗವಾಗಲೇಬೇಕು, ಒಂದು ಹಾಳೆ ಮಡಿಚಿದರೆ ನಾಲ್ಕು ಪುಟ ಆಗುವುದರಿಂದ. ಹದಿನೇಳನೇ ಪುಟಕ್ಕೆ ಕಥೆ ಉಕ್ಕಿದರೆ ಒಂದೋ ಕತ್ತರಿಸಬೇಕು, ಇಲ್ಲವೇ ಇಪ್ಪತ್ತಕ್ಕೆ ಎಳೆಯಬೇಕು.

ಕಾಗದದಲ್ಲಿ ಜಿಪುಣತನ ಬೇಡ. 70 ಜಿಎಸ್‌ಎಂ ಮ್ಯಾಪ್ಲಿಥೋ ಕಾದಂಬರಿಗೆ ನಡೆಯುತ್ತದೆ. ಕಾಮಿಕ್ಸಿನಲ್ಲಿ ಗಟ್ಟಿ ಕಪ್ಪು ಬಳಿದ ಜಾಗ ಹಿಂದಿನ ಪುಟಕ್ಕೆ ತೂರಿ ಕಾಣುತ್ತದೆ. 100 ಜಿಎಸ್‌ಎಂ ಇರಲಿ. ಹಾಲುಬಿಳುಪಿಗಿಂತ ತುಸು ಹಳದಿಗಿರುವ ನ್ಯಾಚುರಲ್ ಶೇಡ್ ಕಪ್ಪು ಶಾಯಿಯ ಚಿತ್ರಕ್ಕೆ ಒಪ್ಪುತ್ತದೆ ಎನ್ನುವುದು ನನ್ನ ರುಚಿ. ಹೊದಿಕೆಗೆ 250 ಜಿಎಸ್‌ಎಂ ಆರ್ಟ್ ಕಾರ್ಡ್, ಮ್ಯಾಟ್ ಲ್ಯಾಮಿನೇಷನ್.

ಕಡತದ ವಿಷಯದಲ್ಲಿ ಮೂರು ಮಾತು ನೆನಪಿರಲಿ. ಗೆರೆಯ ಚಿತ್ರವನ್ನು 600 ಡಿಪಿಐಗೆ ಸ್ಕ್ಯಾನ್ ಮಾಡಿ, 300 ಬಣ್ಣದ ಚಿತ್ರಕ್ಕೆ ಸಾಕು. ಪುಟದ ಅಂಚಿನವರೆಗೆ ಹೋಗುವ ಚಿತ್ರವನ್ನು ನಾಲ್ಕೂ ಕಡೆ 3 ಮಿ.ಮೀ. ಹೆಚ್ಚಾಗಿ ಬರೆಯಿರಿ, ಕಟಿಂಗ್ ಯಂತ್ರ ಕೂದಲೆಳೆಯಷ್ಟು ಆಚೀಚೆ ಆಗಿಯೇ ಆಗುತ್ತದೆ. ಅಕ್ಷರ ಮತ್ತು ಗೆರೆ ಬರೀ ಕಪ್ಪು ಶಾಯಿಯಲ್ಲೇ ಬರಬೇಕು. ನಾಲ್ಕು ಬಣ್ಣ ಬೆರೆಸಿದ ಕಪ್ಪಿನಲ್ಲಿ ಅಕ್ಷರ ಅಚ್ಚಾದರೆ ಸುತ್ತ ಕೆಂಪು ನೀಲಿ ನೆರಳು ಏಳುತ್ತದೆ.

ಒಂದೇ ಒಂದು ಪ್ರತಿ ತೆಗೆಸಿ ಮನೆಗೆ ತನ್ನಿ, ಆಮೇಲೆ ಉಳಿದದ್ದಕ್ಕೆ ಒಪ್ಪಿಗೆ ಕೊಡಿ. ಆ ಪ್ರತಿಯನ್ನು ಕಾಮಿಕ್ಸ್ ಓದುವ ಅಭ್ಯಾಸವೇ ಇಲ್ಲದವರ ಕೈಗೆ ಕೊಡಿ, ಚಿಕ್ಕಮ್ಮನಿಗೋ ಪಕ್ಕದ ಮನೆಯವರಿಗೋ. ಅವರ ಬೆರಳು ಯಾವ ಗುಳ್ಳೆಯಿಂದ ಯಾವ ಗುಳ್ಳೆಗೆ ಹೋಗುತ್ತದೆ ನೋಡಿ. ಎಡವಿದ ಕಡೆಯಲ್ಲೆಲ್ಲ ಗುಳ್ಳೆಯ ಜಾಗ ಬದಲಿಸಬೇಕು.

ಬೆಲೆ

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮುದ್ರಣಕ್ಕೆ ಪ್ರತಿಗೆ 35 ರೂಪಾಯಿ ಬಿತ್ತು, ಬೆಲೆ 100 ಇಟ್ಟಿರಿ. ಪುಸ್ತಕದಂಗಡಿಗೆ ಕೊಟ್ಟರೆ ಮುಖಬೆಲೆಯ ಮೂರನೇ ಒಂದರಿಂದ ಅರ್ಧದವರೆಗೆ ಅವರ ಪಾಲು, ಅದೂ ಮಾರಾಟವಾದ ಮೇಲೆ ಹಣ. ನಲವತ್ತು ಹೋಯಿತೆಂದರೆ ನಿಮಗೆ ಉಳಿಯುವುದು 25. ಟೇಬಲ್ ಹಾಕಿ ನೀವೇ ಮಾರಿದರೆ 65. ಟೇಬಲ್ ಬಾಡಿಗೆ, ಆಟೋ, ಊಟ ಸೇರಿ ಮೂರು ಸಾವಿರ ಖರ್ಚಾದರೆ 47ನೇ ಪ್ರತಿ ಮಾರಿದಾಗ ಅಸಲು ಬರುತ್ತದೆ. ನೂರೂ ಖರ್ಚಾದರೆ ಕೈಯಲ್ಲಿ 3,500. ಮೂರು ತಿಂಗಳ ರಾತ್ರಿಗಳಿಗೆ ಇದು ಕೂಲಿಯೇ? ಖಂಡಿತ ಅಲ್ಲ.

ಲೆಕ್ಕ ಬದಲಾಗುವುದು ಅದೇ ಟೇಬಲ್ಲಿನ ಮೇಲೆ ಮೂರು ತೆಳು ಪುಸ್ತಕಗಳಿದ್ದಾಗ. ಬಾಡಿಗೆ ಅಷ್ಟೇ. ಮೂರೂ ಸೇರಿ 250 ಎಂದು ಬರೆದಿಟ್ಟರೆ ಒಂದು ಕೊಳ್ಳಲು ಬಂದವರು ಮೂರು ಒಯ್ಯುತ್ತಾರೆ. ಮುದ್ರಣದ 105 ಕಳೆದು 145 ಉಳಿಯುತ್ತದೆ, 21 ಜನ ಗಿರಾಕಿಗಳು ಬಂದರೆ ಅಸಲು. ದಪ್ಪ ಪುಸ್ತಕ ಒಂದಕ್ಕಿಂತ ತೆಳು ಪುಸ್ತಕ ಮೂರು ಮೇಲು ಎಂದು ನಾನು ಹಟ ಹಿಡಿಯುವುದು ಈ ಕಾರಣಕ್ಕೆ.

ಮುದ್ರಣದ ಹಣವನ್ನು ಮುಂಗಡವಾಗಿ ಎತ್ತುವುದೂ ಕನ್ನಡದವರಿಗೆ ಗೊತ್ತಿರುವ ದಾರಿ. ಪ್ರಕಟಣಪೂರ್ವ ಬೆಲೆ ಎಂದು ನಮ್ಮ ಪ್ರಕಾಶಕರು ಎಷ್ಟೋ ಕಾಲದಿಂದ ಮಾಡುತ್ತಿರುವುದು ಅದನ್ನೇ. ಎರಡು ಪುಟ ಇನ್‌ಸ್ಟಾಗ್ರಾಂನಲ್ಲಿ ಹಾಕಿ, ಯುಪಿಐ ವಿವರ ಕೊಟ್ಟು, ಮೊದಲು ಕೊಂಡವರ ಪ್ರತಿಯಲ್ಲಿ ಒಂದು ಪುಟ್ಟ ಚಿತ್ರ ಬರೆದುಕೊಡುತ್ತೇನೆ ಎನ್ನಿ. ಹೊರದೇಶದ ಕಿಕ್‌ಸ್ಟಾರ್ಟರ್ ನೋಡಿ ಆಸೆಪಡಬೇಡಿ, ಭಾರತದಲ್ಲಿರುವವರು ಅಲ್ಲಿ ನೇರವಾಗಿ ಯೋಜನೆ ತೆರೆಯಲಾಗುವುದಿಲ್ಲ. ಮುಂಗಡ ತೆಗೆದುಕೊಳ್ಳುವುದು ಪುಟಗಳೆಲ್ಲ ಮುಗಿದ ಮೇಲೆ ಎನ್ನುವ ಶಿಸ್ತು ಮಾತ್ರ ಇರಲಿ.

ಟೇಬಲ್ಲಿನ ಹಿಂದೆ

ಎಲ್ಲಿ ಮಾರುವುದು? ಬೆಂಗಳೂರಿನಲ್ಲಿ 2012ರಿಂದ ಕಾಮಿಕ್ ಕಾನ್ ನಡೆಯುತ್ತಿದೆ. ಜನಸಾಗರ, ಆದರೆ ಅಲ್ಲಿ ಸೂಪರ್‌ಹೀರೋ ಸ್ಟಿಕ್ಕರು, ಪೋಸ್ಟರುಗಳ ಮುಂದೆ ಕಪ್ಪುಬಿಳುಪಿನ ಕನ್ನಡ ಪುಸ್ತಕ ಹಿಡಿದು ಕೂರಲು ಎದೆಗಾರಿಕೆ ಬೇಕು. ಇಂಡೀ ಕಾಮಿಕ್ಸ್ ಫೆಸ್ಟ್ ಚಿಕ್ಕದು, ಪ್ರವೇಶ ಉಚಿತ, ಬರುವವರು ಸ್ವತಂತ್ರ ಕಾಮಿಕ್ಸ್ ಹುಡುಕಿಕೊಂಡೇ ಬರುತ್ತಾರೆ. ಮೊದಲ ಟೇಬಲ್ ಹಾಕಲು ಅದು ತಕ್ಕ ಜಾಗ. ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಯಲ್ಲಿ ಶಾಯಿಯಲ್ಲಿ ಬರೆದ ಮೂಲಪುಟಗಳನ್ನೇ ಮಾರಬಹುದು. ಕುಂದಾಪುರದಲ್ಲಿ ವ್ಯಂಗ್ಯಚಿತ್ರಕಾರ ಸತೀಶ್ ಆಚಾರ್ಯ ಮತ್ತು ಗೆಳೆಯರು ಕಾರ್ಟೂನು ಹಬ್ಬ ನಡೆಸುತ್ತಾರೆ. ಬೆಂಗಳೂರಿನ ಮಿಡ್‌ಫೋರ್ಡ್ ಗಾರ್ಡನ್‌ನಲ್ಲಿರುವ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿಗೆ ಹೋಗಿಬಂದರೆ ಗೆರೆ ಹಿಡಿಯುವ ಬೇರೆಯವರ ಪರಿಚಯ ಆಗುತ್ತದೆ.

ಕಾಮಿಕ್ಸ್ ಮಾಡುವವರು ಅಷ್ಟಾಗಿ ಕಾಲಿಡದ ಜಾಗವೊಂದಿದೆ: ಕನ್ನಡದ ಪುಸ್ತಕ ಮೇಳಗಳು. ಸಾಹಿತ್ಯ ಸಮ್ಮೇಳನದ ಮಳಿಗೆಗಳಿಗೆ ಬರುವಷ್ಟು ಕನ್ನಡ ಓದುಗರು ಯಾವ ಕಾಮಿಕ್ ಕಾನ್‌ಗೂ ಬರುವುದಿಲ್ಲ. ಪೂರ್ತಿ ಮಳಿಗೆ ದುಬಾರಿ. ಪರಿಚಯದ ಪ್ರಕಾಶಕರ ಮಳಿಗೆಯಲ್ಲಿ ಎರಡಡಿ ಜಾಗ ಕೇಳಿ, ಮಾರಾಟದಲ್ಲಿ ಪಾಲು ಕೊಡಿ. ಮಕ್ಕಳನ್ನು ಕರೆದುಕೊಂಡು ಬಂದ ಅಪ್ಪ ಅಮ್ಮಂದಿರು ಅಲ್ಲಿ ನಿಂತೇ ನಿಲ್ಲುತ್ತಾರೆ.

ಟೇಬಲ್ಲಿಗೆ ಬರುವವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ‘ಇದು ಮಕ್ಕಳಿಗಾ ಸರ್?’ ಇದಕ್ಕೆ ಉತ್ತರ ಮೊದಲೇ ಸಿದ್ಧವಿರಲಿ, ಯಾವ ವಯಸ್ಸಿಗೆ ಎಂದು ಹೊದಿಕೆಯ ಮೇಲೇ ಬರೆದರೆ ಇನ್ನೂ ಒಳ್ಳೆಯದು. ‘ಹದಿನಾರೇ ಪುಟಕ್ಕೆ ನೂರು ರೂಪಾಯಾ?’ ಇದಕ್ಕೆ ವಾದ ಮಾಡಬೇಡಿ. ‘ಎರಡು ಪುಟ ಓದಿ ನೋಡಿ ಮೇಡಂ’ ಎಂದು ಪ್ರತಿ ಕೈಗೆ ಕೊಡಿ. ಓದುವಾಗ ಅವರ ಮುಖವನ್ನೇ ದಿಟ್ಟಿಸಬೇಡಿ, ಮುಜುಗರವಾಗಿ ಪುಸ್ತಕ ಇಟ್ಟು ಹೋಗುತ್ತಾರೆ. ಕೈಯಲ್ಲಿ ಪೆನ್ನು ಹಿಡಿದು ಏನಾದರೂ ಬರೆಯುತ್ತಿರಿ. ಚಿತ್ರ ಬರೆಯುವವರ ಸುತ್ತ ಜನ ತಾವಾಗೇ ಸೇರುತ್ತಾರೆ. ಕ್ಯೂಆರ್ ಕೋಡ್ ದೊಡ್ಡದಾಗಿ ಅಂಟಿಸಿಡಿ, ಮೇಳದ ಸಭಾಂಗಣದಲ್ಲಿ ನೆಟ್‌ವರ್ಕ್ ಕೈಕೊಡುವುದು ಇದ್ದದ್ದೇ, ಚಿಲ್ಲರೆಯೂ ಇರಲಿ. ಇನ್ನೊಬ್ಬ ಕಾಮಿಕ್ಸ್‌ನವರೊಂದಿಗೆ ಟೇಬಲ್ ಹಂಚಿಕೊಂಡರೆ ಬಾಡಿಗೆ ಅರ್ಧ, ಊಟಕ್ಕೆ ಎದ್ದಾಗ ನೋಡಿಕೊಳ್ಳಲು ಜನವೂ ಸಿಕ್ಕಂತಾಯಿತು. ಬೇರೆಯವರ ಪ್ರಸಿದ್ಧ ಪಾತ್ರಗಳನ್ನು ಬರೆದು ಮಾರುವ ಆಸೆ ಅಲ್ಲಿ ಹುಟ್ಟುತ್ತದೆ. ಹಕ್ಕು ಅವರದು, ದೂರು ಬಂದರೆ ನಿಮ್ಮ ಪರ ನಿಲ್ಲುವ ಕಾನೂನಿಲ್ಲ.

ಅಂಚೆಯಲ್ಲಿ ಕಳಿಸುವವರಿಗೆ 2025ರ ಮೇ 1ರಿಂದ ಜ್ಞಾನ ಪೋಸ್ಟ್ ಬಂದಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100, ತೆರಿಗೆ ಬೇರೆ, ಎಲ್ಲಿ ತಲುಪಿತೆಂದು ನೋಡಲೂ ಬಹುದು. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರು ಅಚ್ಚಾಗಿರಬೇಕು, ಜಾಹೀರಾತು ತುಂಬಿರಬಾರದು. ಒಳಗಿನ ಮೊದಲ ಪುಟದಲ್ಲಿ ಈ ವಿವರ ಹಾಕಿಸುವುದನ್ನು ಮರೆತರೆ ಕೌಂಟರಿನಲ್ಲಿ ವಾಪಸಾಗಬೇಕಾಗುತ್ತದೆ. ಹಿಂದೆ ಮುಂದೆ ರಟ್ಟು, ಮೇಲೆ ಪ್ಲಾಸ್ಟಿಕ್ ಚೀಲ ಕಡ್ಡಾಯ, ನಮ್ಮ ಮಳೆಗೆ ಕಾಗದದ ಲಕೋಟೆ ತಡೆಯುವುದಿಲ್ಲ. ಹೊರದೇಶದ ಕನ್ನಡಿಗರು ಕೇಳಿದರೆ ಪಿಡಿಎಫ್ ಮಾರಿ, ಅಂಚೆವೆಚ್ಚವೇ ಪುಸ್ತಕದ ಬೆಲೆಯ ಹಲವು ಪಟ್ಟಾಗುತ್ತದೆ.

ತೆರಿಗೆಯ ಭಯ ಬೇಡ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಸೊನ್ನೆ. ಪೋಸ್ಟರು, ಸ್ಟಿಕ್ಕರಿಗೆ ಹಾಗಲ್ಲ.

ಹೊಟ್ಟೆಪಾಡಿನ ಕೆಲಸ, ಹಕ್ಕು, ಕಾಗದಪತ್ರ

ಕಾಮಿಕ್ಸ್ ನೋಡಿ ಕೆಲಸ ಕೊಡಲು ಬರುವವರು ಇದ್ದಾರೆ. ನಿಜ ಹೇಳಬೇಕೆಂದರೆ ತೆಳು ಪುಸ್ತಕದ ದೊಡ್ಡ ಆದಾಯ ಇದೇ. ಆಗ ‘ಪುಟಕ್ಕೆ ಎಷ್ಟು?’ ಎಂಬ ಪ್ರಶ್ನೆ. ಬಾಯಿಗೆ ಬಂದ ಸಂಖ್ಯೆ ಹೇಳುವ ಬದಲು ಹೀಗೆ ಲೆಕ್ಕ ಹಾಕಿ. ತಿಂಗಳ ಖರ್ಚು 40,000 ಎಂದುಕೊಳ್ಳಿ. ತಿಂಗಳೆಲ್ಲ ಕೆಲಸ ಸಿಗುವುದಿಲ್ಲ, ಹನ್ನೆರಡು ದಿನ ಸಿಕ್ಕರೆ ಪುಣ್ಯ. ದಿನಕ್ಕೆ 3,300ರ ಮೇಲೆ ಬೀಳುತ್ತದೆ. ಬಣ್ಣದ ಒಂದು ಪುಟಕ್ಕೆ ನಿಮಗೆ ಎರಡು ದಿನ ಬೇಕಾದರೆ ಆರೂವರೆ ಸಾವಿರಕ್ಕಿಂತ ಕೆಳಗೆ ಇಳಿದರೆ ನಿಮ್ಮ ಕೈಯಿಂದಲೇ ಹೋಗುತ್ತದೆ. ಅರ್ಧ ಹಣ ಮುಂಗಡ, ತಿದ್ದುಪಡಿ ಎರಡು ಸಲ ಮಾತ್ರ, ನಡುವೆ ಕೆಲಸ ನಿಲ್ಲಿಸಿದರೆ ಅಲ್ಲಿಯವರೆಗಿನ ಹಣ: ಇಷ್ಟನ್ನು ಇಮೇಲ್‌ನಲ್ಲಾದರೂ ಬರೆಸಿಕೊಳ್ಳಿ. ಹೆಚ್ಚು ಹೇಳಿ ಕೆಲಸ ಕಳೆದುಕೊಂಡವರಿಗಿಂತ ಕಡಿಮೆ ಹೇಳಿ ಆರು ತಿಂಗಳು ಗೊಣಗಿದವರು ಹೆಚ್ಚು.

ಬಾಕಿ ಉಳಿಸಿಕೊಳ್ಳುವ ಸಂಸ್ಥೆಗಳಿಗೆ ಒಂದು ಮದ್ದಿದೆ. ಸಣ್ಣ ಉದ್ಯಮಗಳ ‘ಉದ್ಯಮ್’ ನೋಂದಣಿ ಸರ್ಕಾರಿ ತಾಣದಲ್ಲಿ ಪೂರ್ತಿ ಉಚಿತ, ಒಬ್ಬರೇ ಕೂತು ಚಿತ್ರ ಬರೆಯುವವರೂ ಮಾಡಿಸಬಹುದು. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಅಂಥವರ ಹಣವನ್ನು ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಅಚ್ಚು ಹಾಕಿ ಕಳಿಸಿ. ಬಡ್ಡಿ ಕೇಳುವ ಸಂದರ್ಭವೇ ಬಾರದಿರಬಹುದು, ಸಂಖ್ಯೆ ನೋಡಿದ ಲೆಕ್ಕಪತ್ರದವರು ಕಡತ ಮೇಲಕ್ಕೆ ಎತ್ತಿಡುತ್ತಾರೆ. ಕೊಡುವಾಗ ಹತ್ತು ಪರ್ಸೆಂಟ್ ಟಿಡಿಎಸ್ ಹಿಡಿದರೆ ಗಾಬರಿ ಬೇಡ, ರಿಟರ್ನ್ ಹಾಕಿ, ತೆರಿಗೆ ಕಟ್ಟಬೇಕಿಲ್ಲದವರಿಗೆ ವಾಪಸ್ ಬರುತ್ತದೆ.

ಹಕ್ಕಿನ ವಿಚಾರದಲ್ಲಿ ಮಾತ್ರ ಬಿಗಿಯಾಗಿರಿ. 1957ರ ಕಾಪಿರೈಟ್ ಕಾಯ್ದೆಯಂತೆ ನೀವು ಬರೆದ ಕ್ಷಣದಿಂದ ಕೃತಿ ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಹಕ್ಕು ಬೇರೆಯವರಿಗೆ ಹೋಗಬೇಕಾದರೆ ಲಿಖಿತ ಒಪ್ಪಂದ ಬೇಕು. ಅವಧಿ ಬರೆದಿಲ್ಲದಿದ್ದರೆ ಐದು ವರ್ಷ, ಪ್ರದೇಶ ಬರೆದಿಲ್ಲದಿದ್ದರೆ ಭಾರತ ಮಾತ್ರ ಎಂದು ಕಾನೂನೇ ಹೇಳುತ್ತದೆ. ಕೆಲಸಕ್ಕಿದ್ದು ಸಂಬಳ ತೆಗೆದುಕೊಂಡು ಬರೆದದ್ದು ಸಾಮಾನ್ಯವಾಗಿ ಸಂಸ್ಥೆಗೆ ಸೇರುತ್ತದೆ, ಆದ್ದರಿಂದ ರಾತ್ರಿ ಬರೆಯುವ ಸ್ವಂತ ಕಥೆಯನ್ನು ಕಚೇರಿಯ ಲ್ಯಾಪ್‌ಟಾಪಿನಲ್ಲಿ ಬರೆಯಬೇಡಿ. ‘ಎಲ್ಲ ಹಕ್ಕುಗಳೂ, ಎಲ್ಲ ಮಾಧ್ಯಮಗಳಲ್ಲೂ, ಶಾಶ್ವತವಾಗಿ’ ಎಂಬ ಸಾಲು ಕಂಡರೆ ಪೆನ್ನು ಕೆಳಗಿಡಿ. ಪುಸ್ತಕ ಹಾಕುವ ಹಕ್ಕು ಕೊಡಿ, ಸಿನಿಮಾ, ಅನಿಮೇಷನ್, ಬೇರೆ ಭಾಷೆ, ಆಟಿಕೆಯ ಹಕ್ಕು ಉಳಿಸಿಕೊಳ್ಳಿ. ಚಿತ್ರಗಳನ್ನು ಎಐ ತರಬೇತಿಗೆ ಬಳಸಕೂಡದು ಎಂಬ ಸಾಲನ್ನೂ ಈಗ ಸೇರಿಸಬೇಕಾದ ಕಾಲ ಬಂದಿದೆ.

ಐಎಸ್‌ಬಿಎನ್ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ಹೆಸರಿನ ಕೇಂದ್ರ ಸಂಸ್ಥೆ ಆನ್‌ಲೈನ್‌ನಲ್ಲಿ ಉಚಿತವಾಗಿ ಕೊಡುತ್ತದೆ, ಸ್ವಂತ ಪ್ರಕಾಶನದವರಿಗೂ. ಕೊಡಿಸುತ್ತೇವೆ ಎಂದು ಸಾವಿರಾರು ಕೇಳುವ ಏಜೆಂಟರಿಂದ ದೂರವಿರಿ. ಟೇಬಲ್ಲಿನಲ್ಲಿ ಮಾರಲು ಈ ಸಂಖ್ಯೆ ಬೇಕಿಲ್ಲ. ದೊಡ್ಡ ಅಂಗಡಿ ಮತ್ತು ಗ್ರಂಥಾಲಯಗಳು ಕೇಳುತ್ತವೆ. ಸಾರ್ವಜನಿಕ ಗ್ರಂಥಾಲಯ ಇಲಾಖೆ ಪುಸ್ತಕ ಆಯ್ಕೆಗೆ ಅರ್ಜಿ ಕರೆದಾಗ ಹಾಕಿ ನೋಡಿ, ಆಯ್ಕೆಯಾದರೆ ಒಂದೇ ಏಟಿಗೆ ನೂರಾರು ಪ್ರತಿ ಹೋಗುತ್ತದೆ. ಹಣ ಬರುವುದು ತಡ, ಆ ದುಡ್ಡಿನ ಮೇಲೆ ಮುಂದಿನ ಮುದ್ರಣಕ್ಕೆ ಸಾಲ ಮಾಡಬೇಡಿ. 1954ರ ಕಾಯ್ದೆಯಂತೆ ಪ್ರಕಾಶಕರು ಪ್ರಕಟಣೆಯ 30 ದಿನದೊಳಗೆ ಒಂದು ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ, ಒಂದೊಂದನ್ನು ಚೆನ್ನೈ, ಮುಂಬೈ, ದೆಹಲಿಯ ಗೊತ್ತುಪಡಿಸಿದ ಗ್ರಂಥಾಲಯಗಳಿಗೆ ತಮ್ಮ ಖರ್ಚಿನಲ್ಲಿ ಕಳಿಸಬೇಕು. ಪ್ರಕಾಶಕರೆಂದರೆ ಇಲ್ಲಿ ನೀವೇ. ಅಚ್ಚಾದ ದಿನವೇ ಆ ನಾಲ್ಕು ಪ್ರತಿ, ಮನೆಗೆ ಎರಡು, ಮುದ್ರಕರಿಗೆ ಒಂದು ಎತ್ತಿಟ್ಟು ಉಳಿದ 93ನ್ನು ಚೀಲಕ್ಕೆ ತುಂಬಿಕೊಳ್ಳಿ.